ಮಾತ್ರೆಗೆ ಮುನ್ನ ಒಂದು ಹನಿ ರಕ್ತ: ಜಿ6ಪಿಡಿ ಕಿಣ್ವದ ಕೊರತೆಯನ್ನು ನಾವು ಯಾಕೆ ಮೊದಲೇ ತಿಳಿಯಬೇಕು

ವೈವ್ಯಾಕ್ಸ್ ಎಂಬ ಬಗೆಯ ಮಲೇರಿಯಾ ಬಂದವರಿಗೆ ಎರಡು ಬಗೆಯ ಮಾತ್ರೆ ಕೊಡುತ್ತಾರೆ. ಮೂರು ದಿನ ಕ್ಲೋರೊಕ್ವಿನ್, 14 ದಿನ ಪ್ರೈಮಾಕ್ವಿನ್. ಕ್ಲೋರೊಕ್ವಿನ್ ರಕ್ತದಲ್ಲಿರುವ ರೋಗಾಣುವನ್ನು ಕೊಂದು ಜ್ವರ ಇಳಿಸುತ್ತದೆ. ಆದರೆ ವೈವ್ಯಾಕ್ಸ್ ರೋಗಾಣು ಯಕೃತ್ತಿನಲ್ಲಿಯೂ ಅಡಗಿ ಮಲಗಿರುತ್ತದೆ, ವಾರಗಳೋ ತಿಂಗಳುಗಳೋ ಕಳೆದ ಮೇಲೆ ಎದ್ದು ಮತ್ತೆ ಜ್ವರ ತರುತ್ತದೆ. ಅದನ್ನು ಕೊಲ್ಲುವುದಕ್ಕೇ ಪ್ರೈಮಾಕ್ವಿನ್. 60 ಕಿಲೊ ತೂಕದವರಿಗೆ ದಿನಕ್ಕೆ 15 ಮಿಲಿಗ್ರಾಂ. ಬಹುತೇಕ ಜನ ಈ 14 ದಿನವನ್ನು ತೊಂದರೆಯಿಲ್ಲದೆ ಮುಗಿಸುತ್ತಾರೆ. ಕೆಲವರಿಗೆ ಮಾತ್ರ ಎರಡನೆಯ ಅಥವಾ ಮೂರನೆಯ ದಿನ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ, ಸೊಂಟ ನೋಯುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ, ಕಣ್ಣು ಹಳದಿಯಾಗುತ್ತದೆ. ಮನೆಯವರು ಇದನ್ನು ಮಲೇರಿಯಾ ಏರಿತೆಂದೋ ಕಾಮಾಲೆ ಬಂತೆಂದೋ ತಿಳಿದು ಮಾತ್ರೆಯನ್ನು ಮುಂದುವರಿಸುತ್ತಾರೆ. ಅಪಾಯವಿರುವುದು ಅಲ್ಲೇ. ಆ ಮಾತ್ರೆಯೇ ಕೆಂಪು ರಕ್ತಕಣಗಳನ್ನು ಒಡೆಯುತ್ತಿರುತ್ತದೆ.

ಇವರ ದೇಹದಲ್ಲಿ ಗ್ಲೂಕೋಸ್-6-ಫಾಸ್ಫೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುತ್ತದೆ. ಉದ್ದ ಹೆಸರಿನ ಬದಲು ಎಲ್ಲರೂ ಜಿ6ಪಿಡಿ ಎನ್ನುತ್ತಾರೆ. ಜಗತ್ತಿನಲ್ಲಿ 40 ಕೋಟಿಗೂ ಹೆಚ್ಚು ಜನರಿಗೆ ಈ ಕೊರತೆಯಿದೆ. ಕಿಣ್ವದ ಕೊರತೆಗಳಲ್ಲೆಲ್ಲ ಇದೇ ಅತ್ಯಂತ ಸಾಮಾನ್ಯವಾದದ್ದು. ಭಾರತದಲ್ಲಿ ಸಮುದಾಯದಿಂದ ಸಮುದಾಯಕ್ಕೆ ಪ್ರಮಾಣ ಬಹಳ ಬದಲಾಗುತ್ತದೆ: ಕೆಲವು ಗುಂಪುಗಳಲ್ಲಿ ಶೂನ್ಯ, ಕೆಲವು ಬುಡಕಟ್ಟುಗಳಲ್ಲಿ ಶೇ 27ರವರೆಗೆ. ಇವರಲ್ಲಿ ಹೆಚ್ಚಿನವರು ಪೂರ್ಣ ಆರೋಗ್ಯವಂತರು. ಗದ್ದೆ ಕೆಲಸ ಮಾಡುತ್ತಾರೆ, ಓಡುತ್ತಾರೆ, ಹೆರುತ್ತಾರೆ. ಸರಿಯಲ್ಲದ ಒಂದು ಔಷಧಿ ಹೊಟ್ಟೆಗೆ ಬೀಳುವವರೆಗೆ ಕೊರತೆಯಿದೆ ಎಂಬುದೇ ಗೊತ್ತಾಗುವುದಿಲ್ಲ.

ಈ ಕಿಣ್ವ ಮಾಡುವ ಕೆಲಸ ಏನು? ಕೆಂಪು ರಕ್ತಕಣದ ಒಳಗೆ ಒಮ್ಮೆ ನೋಡೋಣ. ಒಂದು ಕಣದಲ್ಲಿ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳಿವೆ. ಆಮ್ಲಜನಕ ಹೊರುವುದೇ ಅವುಗಳ ಕಸುಬಾದ್ದರಿಂದ ಬೆಂಕಿಯ ಪಕ್ಕದಲ್ಲಿ ಕೆಲಸ ಮಾಡಿದಂತೆ: ದಿನಕ್ಕೆ ಶೇ 1ರಿಂದ 3ರಷ್ಟು ಹಿಮೋಗ್ಲೋಬಿನ್ ತಾನಾಗಿಯೇ ಉತ್ಕರ್ಷಣಗೊಂಡು ಕೆಡುತ್ತದೆ, ಹಾಗೆ ಕೆಡುವಾಗ ಸೂಪರ್‌ಆಕ್ಸೈಡ್ ಎಂಬ ಕಿಡಿಯನ್ನು ಉಗುಳುತ್ತದೆ. ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್ ಎಂಬ ಕಿಣ್ವ ಅದನ್ನು ಹೈಡ್ರೋಜನ್ ಪೆರಾಕ್ಸೈಡ್ ಆಗಿ ಬದಲಿಸುತ್ತದೆ. ಪೆರಾಕ್ಸೈಡನ್ನು ನೀರಾಗಿಸಲು ಕ್ಯಾಟಲೇಸ್ ಇದೆ, ಗ್ಲೂಟಾಥಯಾನ್ ಪೆರಾಕ್ಸಿಡೇಸ್ ಇದೆ, ಪೆರಾಕ್ಸಿರೆಡಾಕ್ಸಿನ್ ಇದೆ. ಈ ಕೆಲಸಕ್ಕೆ ಬಳಕೆಯಾಗುವ ಗ್ಲೂಟಾಥಯಾನ್ ಎಂಬ ರಕ್ಷಕ ಅಣು ಒಮ್ಮೆ ಬಳಕೆಯಾದರೆ ಸವೆದುಹೋಗುತ್ತದೆ. ಅದನ್ನು ಮತ್ತೆ ಕೆಲಸಕ್ಕೆ ತಯಾರು ಮಾಡಲು ಎನ್‌ಎಡಿಪಿಎಚ್ ಎಂಬ ಅಣು ಬೇಕು. ಕ್ಯಾಟಲೇಸ್ ತನ್ನ ಚುರುಕು ಕಳೆದುಕೊಳ್ಳದಿರಲಿಕ್ಕೂ ಅದೇ ಬೇಕು. ಎನ್‌ಎಡಿಪಿಎಚ್ ತಯಾರಿಯ ಮೊದಲ ಹೆಜ್ಜೆಯನ್ನು ನಡೆಸುವುದು ಜಿ6ಪಿಡಿ.

ದೇಹದ ಬೇರೆ ಜೀವಕೋಶಗಳಿಗೆ ಎನ್‌ಎಡಿಪಿಎಚ್ ಪಡೆಯಲು ಇನ್ನೂ ಎರಡು ಮೂರು ದಾರಿಗಳಿವೆ. ಕೆಂಪು ರಕ್ತಕಣಕ್ಕೆ ಇಲ್ಲ. ಅದಕ್ಕೆ ಮೈಟೊಕಾಂಡ್ರಿಯಾ ಇಲ್ಲ, ಕೋಶಕೇಂದ್ರವೂ ಇಲ್ಲ. ಹಾಗಾಗಿ ಹೊಸ ಕಿಣ್ವವನ್ನು ತಯಾರಿಸಿಕೊಳ್ಳಲೂ ಆಗದು. ಮೂಳೆಮಜ್ಜೆಯಿಂದ ಹೊರಡುವಾಗ ಕಟ್ಟಿಕೊಂಡ ಬುತ್ತಿಯಲ್ಲೇ 120 ದಿನ ಕಳೆಯಬೇಕು. ಕೊರತೆಯಿರುವವರಲ್ಲಿ ಬುತ್ತಿಯೇ ಸಣ್ಣದು, ಅಥವಾ ಬೇಗ ಹಳಸುವಂಥದ್ದು. ಪ್ರೈಮಾಕ್ವಿನ್‌ನಂಥ ಔಷಧಿ ಬಂದಾಗ ಕಿಡಿಗಳು ಹತ್ತಾರು ಪಟ್ಟು ಹೆಚ್ಚುತ್ತವೆ, ಗ್ಲೂಟಾಥಯಾನ್ ಮುಗಿದುಹೋಗುತ್ತದೆ, ಹಿಮೋಗ್ಲೋಬಿನ್ ಗಟ್ಟಿಯಾಗಿ ಕಣದ ಗೋಡೆಗೆ ಅಂಟಿಕೊಳ್ಳುತ್ತದೆ. ಕ್ರಿಸ್ಟಲ್ ವಯಲೆಟ್ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಈ ಗಂಟುಗಳು ಅಂಚಿನಲ್ಲಿ ಕಪ್ಪು ಚುಕ್ಕೆಗಳಾಗಿ ಕಾಣುತ್ತವೆ. ಹೈಂಜ್ ಕಾಯಗಳು ಎಂದು ಅವುಗಳ ಹೆಸರು. ಗುಲ್ಮದ ಮೂಲಕ ಹಾಯುವಾಗ ಅಲ್ಲಿನ ಭಕ್ಷಕಕೋಶಗಳು ಆ ಗಂಟನ್ನು ಕಿತ್ತು ತೆಗೆಯುತ್ತವೆ. ಕಣ ಅಂಚು ಕಚ್ಚಿದ ಹಪ್ಪಳದಂತೆ ಹೊರಬರುತ್ತದೆ. ಉಳಿದವು ರಕ್ತನಾಳದೊಳಗೇ ಒಡೆದು ಹಿಮೋಗ್ಲೋಬಿನ್ ಮೂತ್ರಪಿಂಡದ ಮೂಲಕ ಸೋರುತ್ತದೆ. ಡಿಕಾಕ್ಷನ್ ಬಣ್ಣ ಅದರದೇ.

ಈ ಸಂಗತಿ ಗೊತ್ತಾಗಿದ್ದು ಅಮೆರಿಕದ ಇಲಿನಾಯ್ ರಾಜ್ಯದ ಸ್ಟೇಟ್‌ವಿಲ್ ಸೆರೆಮನೆಯಲ್ಲಿ. ಎರಡನೆಯ ಮಹಾಯುದ್ಧ ಮತ್ತು ಕೊರಿಯಾ ಯುದ್ಧದ ಕಾಲದಲ್ಲಿ ಕೈದಿಗಳ ಮೇಲೆ ಮಲೇರಿಯಾ ಔಷಧಿಗಳ ಪ್ರಯೋಗ ನಡೆಯಿತು. ದಿನಕ್ಕೆ 30 ಮಿಲಿಗ್ರಾಂ ಪ್ರೈಮಾಕ್ವಿನ್ ಕೊಟ್ಟಾಗ ಕೆಲವು ಕಪ್ಪು ಕೈದಿಗಳ ರಕ್ತ ಮಾತ್ರ ಒಡೆಯುತ್ತಿತ್ತು. ತಪ್ಪಿರುವುದು ಕಣದಲ್ಲೋ ದೇಹದಲ್ಲೋ ಎಂದು ತಿಳಿಯಲು ಕಣಗಳಿಗೆ ವಿಕಿರಣ ಗುರುತು ಹಾಕಿ ಒಬ್ಬರಿಂದ ಒಬ್ಬರಿಗೆ ಕೊಟ್ಟು ನೋಡಿದರು. 1956ರಲ್ಲಿ ಆಲ್ವಿಂಗ್, ಕಾರ್ಸನ್ ಮತ್ತು ಸಂಗಡಿಗರು ಕಾರಣ ಜಿ6ಪಿಡಿ ಕೊರತೆ ಎಂದು ಪ್ರಕಟಿಸಿದರು. ಒಪ್ಪಿಗೆಗೆ ಅರ್ಥವೇ ಇಲ್ಲದ ಜಾಗದಲ್ಲಿ ಕೈದಿಗಳ ದೇಹದಿಂದ ಬಂದ ಜ್ಞಾನವಿದು. ಆ ಬೆಲೆ ತೆತ್ತು 70 ವರ್ಷವಾಗುತ್ತ ಬಂದರೂ ಪರೀಕ್ಷೆಯಿಲ್ಲದೆ ಅದೇ ಮಾತ್ರೆ ಕೊಡುವುದು ನಿಂತಿಲ್ಲ ಎಂಬುದೇ ನೋವಿನ ವಿಷಯ.

ಜಿ6ಪಿಡಿ ವಂಶವಾಹಿ ಇರುವುದು ಎಕ್ಸ್ ವರ್ಣತಂತುವಿನ ಮೇಲೆ. ಗಂಡಸಿಗೆ ಒಂದೇ ಎಕ್ಸ್. ಹಾಗಾಗಿ ಅದರಲ್ಲಿ ದೋಷವಿದ್ದರೆ ಪೂರ್ತಿ ಕೊರತೆ, ಇಲ್ಲದಿದ್ದರೆ ಇಲ್ಲ. ಹೆಂಗಸಿಗೆ ಎರಡು ಎಕ್ಸ್, ಪ್ರತಿ ಜೀವಕೋಶದಲ್ಲಿ ಅವುಗಳ ಪೈಕಿ ಒಂದು ಮುಚ್ಚಿರುತ್ತದೆ. ಆದ್ದರಿಂದ ವಾಹಕ ಹೆಂಗಸಿನ, ಅಂದರೆ ಒಂದು ಎಕ್ಸ್‌ನಲ್ಲಿ ಮಾತ್ರ ದೋಷವಿರುವವಳ, ರಕ್ತದಲ್ಲಿ ಸರಿಯಿರುವ ಕಣಗಳೂ ಕೊರತೆಯ ಕಣಗಳೂ ಬೆರೆತಿರುತ್ತವೆ. ಯಾವುದು ಎಷ್ಟು ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ಥರ. 'ಇದು ಗಂಡುಮಕ್ಕಳ ಕಾಯಿಲೆ' ಎಂಬ ಮಾತು ಅರ್ಧ ನಿಜ ಮಾತ್ರ. ಸೋದರಮಾವನ ಜತೆ, ಸೋದರತ್ತೆಯ ಮಗನ ಜತೆ ಮದುವೆ ಮಾಡುವ ರೂಢಿಯಿರುವ ನಮ್ಮ ಕಡೆಯ ಮನೆತನಗಳಲ್ಲಿ ಎರಡೂ ಎಕ್ಸ್‌ಗಳಲ್ಲಿ ದೋಷವಿರುವ ಹೆಣ್ಣುಮಕ್ಕಳು ಹುಟ್ಟುವ ಸಾಧ್ಯತೆಯೂ ಹೆಚ್ಚು.

ಎಲ್ಲ ದೋಷಗಳೂ ಒಂದೇ ತೂಕದವಲ್ಲ. ಆಫ್ರಿಕಾ ಮೂಲದವರಲ್ಲಿ ಸಾಮಾನ್ಯವಾದ ಎ-ಮೈನಸ್ ಬಗೆಯಲ್ಲಿ ಹೊಸ ಕಣಗಳು ಸರಿಯಾಗಿರುತ್ತವೆ, ಹಳೆಯವು ಮಾತ್ರ ಒಡೆಯುತ್ತವೆ. ಭಾರತದಲ್ಲಿ ಹೆಚ್ಚಾಗಿ ಸಿಗುವುದು ಮೂರು: ಮೆಡಿಟರೇನಿಯನ್, ಕೇರಳ-ಕಲ್ಯಾಣ್, ಒರಿಸ್ಸಾ. ಒರಿಸ್ಸಾ ಬಗೆ ಬುಡಕಟ್ಟು ಜನರಲ್ಲಿ ಹೆಚ್ಚು. ಮೆಡಿಟರೇನಿಯನ್ ಬಗೆ ತೀವ್ರವಾದದ್ದು. ಹೊಸ ಕಣಗಳಲ್ಲೂ ಕಿಣ್ವ ಬೇಗ ಸಾಯುವುದರಿಂದ ಒಡೆಯುವಿಕೆ ತಾನಾಗಿ ನಿಲ್ಲುತ್ತದೆಂದು ಕಾಯುವಂತಿಲ್ಲ. 'ಮಾತ್ರೆ ಮುಂದುವರಿಸಿ, ದೇಹ ಹೊಂದಿಕೊಳ್ಳುತ್ತದೆ' ಎಂಬ ಹಳೆಯ ಪಠ್ಯಪುಸ್ತಕದ ಸಲಹೆ ಎ-ಮೈನಸ್ ರೋಗಿಗಳನ್ನು ನೋಡಿ ಬರೆದದ್ದು. ಅದನ್ನು ಇಲ್ಲಿ ಹಾಗೇ ಪಾಲಿಸುವುದು ತಪ್ಪು.

ಈಗ ಪರೀಕ್ಷೆಯ ವಿಷಯ. ಗೊಂದಲ ಹೆಚ್ಚಿರುವುದು ಇಲ್ಲೇ.

ಹಳೆಯ, ಅಗ್ಗದ ವಿಧಾನ ಪ್ರತಿದೀಪ್ತಿ ಚುಕ್ಕೆ ಪರೀಕ್ಷೆ. 10 ಮೈಕ್ರೊಲೀಟರ್ ರಕ್ತವನ್ನು ರಾಸಾಯನಿಕ ದ್ರಾವಣದಲ್ಲಿ ಬೆರೆಸಿ, ಶುರುವಿನಲ್ಲಿ, 5 ನಿಮಿಷಕ್ಕೆ, 10 ನಿಮಿಷಕ್ಕೆ ಒಂದೊಂದು ಹನಿಯನ್ನು ಸೋಸುಕಾಗದದ ಮೇಲೆ ಹಾಕುತ್ತಾರೆ. ಒಣಗಿದ ಮೇಲೆ ಕತ್ತಲಲ್ಲಿ ನೇರಳಾತೀತ ದೀಪದಡಿ ನೋಡಬೇಕು. ಕಿಣ್ವ ಇದ್ದರೆ ಎನ್‌ಎಡಿಪಿಎಚ್ ಹುಟ್ಟಿ ಚುಕ್ಕೆ ನೀಲಿಯಾಗಿ ಹೊಳೆಯುತ್ತದೆ, ಇಲ್ಲದಿದ್ದರೆ ಮಂಕು. ಕಿಣ್ವದ ಚಟುವಟಿಕೆ ಸಹಜ ಮಟ್ಟದ ಶೇ 30ಕ್ಕಿಂತ ಕಡಿಮೆಯಿರುವವರನ್ನು ಇದು ಚೆನ್ನಾಗಿ ಹಿಡಿಯುತ್ತದೆ. ಶೇ 30ರಿಂದ 70ರ ನಡುವಿನ ಹೆಂಗಸರು 'ನಾರ್ಮಲ್' ಎಂದು ದಾಟಿಹೋಗುತ್ತಾರೆ. ಹೆಂಗಸರಿಗೆ ವರದಿ ಬರೀ 'ಇದೆ, ಇಲ್ಲ' ಎಂದಿದ್ದರೆ ಸಾಲದು. ಎಷ್ಟಿದೆ ಎಂಬ ಅಂಕಿ ಬೇಕು, ಅಂದರೆ ಒಂದು ಗ್ರಾಂ ಹಿಮೋಗ್ಲೋಬಿನ್‌ಗೆ ಎಷ್ಟು ಯೂನಿಟ್ ಎಂಬುದು. ಪ್ರಯೋಗಾಲಯದಲ್ಲಿ 'ಜಿ6ಪಿಡಿ ಕ್ವಾಂಟಿಟೇಟಿವ್' ಎಂದು ಕೇಳಿ. ಒಂದು ಲ್ಯಾಬಿನ ಅಂಕಿಯನ್ನು ಇನ್ನೊಂದರ ಮಿತಿಗೆ ಹೋಲಿಸಬೇಡಿ. ವಿಧಾನ, ಉಷ್ಣತೆ ಬದಲಾದರೆ ಅಂಕಿಯೂ ಬದಲಾಗುತ್ತದೆ.

ಈಚಿನ ವರ್ಷಗಳಲ್ಲಿ ಅಂಗೈಯಗಲದ ಒಂದು ಯಂತ್ರ ಬಂದಿದೆ. ದಕ್ಷಿಣ ಕೊರಿಯಾದ ಎಸ್‌ಡಿ ಬಯೋಸೆನ್ಸರ್ ತಯಾರಿಸಿದ್ದು. ಸಕ್ಕರೆ ಪರೀಕ್ಷೆಯ ಗ್ಲೂಕೋಮೀಟರ್ ಇದ್ದ ಹಾಗೆ. ಬೆರಳು ಚುಚ್ಚಿ 10 ಮೈಕ್ರೊಲೀಟರ್ ರಕ್ತ ತೆಗೆದು ದ್ರಾವಣದಲ್ಲಿ ಬೆರೆಸಿ ಪಟ್ಟಿಗೆ ಹಾಕಿದರೆ ಎರಡು ನಿಮಿಷದಲ್ಲಿ ಹಿಮೋಗ್ಲೋಬಿನ್ ಮತ್ತು ಜಿ6ಪಿಡಿ ಎರಡೂ ಗೊತ್ತಾಗುತ್ತವೆ. ಈ ಯಂತ್ರದಲ್ಲಿ ಒಂದು ಗ್ರಾಂ ಹಿಮೋಗ್ಲೋಬಿನ್‌ಗೆ 4.0 ಯೂನಿಟ್ ಅಥವಾ ಕಡಿಮೆ ಇದ್ದರೆ ಕೊರತೆ, 4.1ರಿಂದ 6.0 ನಡುವಿನದು, 6ಕ್ಕಿಂತ ಹೆಚ್ಚಿದ್ದರೆ ಸರಿ. 2024ರ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಪರೀಕ್ಷೆಗೆ ಪೂರ್ವಾರ್ಹತೆಯ ಮುದ್ರೆ ಒತ್ತಿತು. ಇಲ್ಲಿ ಎಡವುವುದು ಹೆಚ್ಚಾಗಿ ಬೆರಳ ತುದಿಯಲ್ಲಿ: ಬೆರಳನ್ನು ಜೋರಾಗಿ ಹಿಂಡಿದರೆ ಅಥವಾ ಸ್ಪಿರಿಟ್ ಒಣಗುವ ಮೊದಲೇ ಹನಿ ತೆಗೆದರೆ ಫಲಿತಾಂಶ ನಂಬುವಂತಿರುವುದಿಲ್ಲ. ರಕ್ತದ ಪ್ರಮಾಣ ಹೆಚ್ಚುಕಡಿಮೆಯಾದರೂ ಹಾಗೆಯೇ.

ಸುಳ್ಳು ನಾರ್ಮಲ್ ಬರುವ ಇನ್ನೂ ಮೂರು ಸಂದರ್ಭಗಳನ್ನು ನೆನಪಿಡಬೇಕು. ರಕ್ತ ಒಡೆದ ಬೆನ್ನಿಗೇ ಪರೀಕ್ಷೆ ಮಾಡಿದರೆ ಕಿಣ್ವ ಕಡಿಮೆಯಿದ್ದ ಹಳೆಯ ಕಣಗಳು ಆಗಲೇ ಹೋಗಿರುತ್ತವೆ, ಉಳಿದಿರುವುದು ಹೊಸ ಕಣಗಳು. ಅವುಗಳಲ್ಲಿ ಕಿಣ್ವ ಹಳೆಯವಕ್ಕಿಂತ ಹೆಚ್ಚಿರುತ್ತದೆ. ರಕ್ತ ಕೊಡಿಸಿದ್ದರೆ ಅಳೆಯುವುದು ದಾನಿಯ ಕಣಗಳನ್ನು. ಈ ಎರಡರಲ್ಲೂ ಅನುಮಾನ ಉಳಿದರೆ ಮೂರು ತಿಂಗಳ ಮೇಲೆ ಮತ್ತೆ ಮಾಡಿಸಬೇಕು. ಮೂರನೆಯದು ಹಸುಗೂಸು: ಕೂಸುಗಳಲ್ಲಿ ಸಹಜವಾಗಿಯೇ ಜಿ6ಪಿಡಿ ದೊಡ್ಡವರಿಗಿಂತ ಹೆಚ್ಚು, ದೊಡ್ಡವರ ಮಿತಿ ಇಟ್ಟು ನೋಡಿದರೆ ಕೆಲವು ಹೆಣ್ಣುಕೂಸುಗಳು ಕೈತಪ್ಪುತ್ತವೆ.

ಭಾರತ 2030ರೊಳಗೆ ಮಲೇರಿಯಾ ಮುಕ್ತವಾಗಬೇಕೆಂಬ ಗುರಿ ಇಟ್ಟುಕೊಂಡಿದೆ. ಮಂಗಳೂರಿನಂಥ ಊರುಗಳಲ್ಲಿ ಪ್ರಧಾನವಾಗಿರುವುದು ವೈವ್ಯಾಕ್ಸ್. ಯಕೃತ್ತಿನಲ್ಲಿ ಮಲಗಿರುವುದನ್ನು ಕೊಲ್ಲದೆ ಆ ಗುರಿ ಮುಟ್ಟುವುದು ಕಷ್ಟ. ರಾಷ್ಟ್ರೀಯ ಮಾರ್ಗಸೂಚಿ ಜಿ6ಪಿಡಿ ಕೊರತೆಯಿರುವವರಿಗೆ, ಗರ್ಭಿಣಿಯರಿಗೆ, ಎಳೆಗೂಸುಗಳಿಗೆ ಪ್ರೈಮಾಕ್ವಿನ್ ಕೊಡಬಾರದು ಎನ್ನುತ್ತದೆ. ಮೂತ್ರ ಕಪ್ಪಾದರೆ, ಕಣ್ಣು ಹಳದಿಯಾದರೆ, ತುಟಿ ನೀಲಿಯಾದರೆ, ಉಸಿರು ಕಟ್ಟಿದರೆ ಮಾತ್ರೆ ನಿಲ್ಲಿಸಿ ಬರಲು ರೋಗಿಗೆ ಹೇಳಬೇಕು ಎಂದೂ ಹೇಳುತ್ತದೆ. ಪರೀಕ್ಷೆ ಕೈಗೆಟುಕದ ಕಡೆ ಈ ಎಚ್ಚರಿಕೆಯ ಮಾತೊಂದೇ ರಕ್ಷಣೆ. ಕೊರತೆಯಿರುವವರನ್ನು ಚಿಕಿತ್ಸೆಯಿಲ್ಲದೆ ಬಿಡಬೇಕಿಲ್ಲ: ಪ್ರೈಮಾಕ್ವಿನ್ ಅನ್ನೇ ದಿನವೂ ಕೊಡದೆ ವಾರಕ್ಕೊಮ್ಮೆ ದೇಹತೂಕದ ಕಿಲೊಗೆ 0.75 ಮಿಲಿಗ್ರಾಂನಂತೆ 8 ವಾರ, ವೈದ್ಯರ ನಿಕಟ ನಿಗಾದಲ್ಲಿ ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಡುವೆ ಸಿಗುವ ವಾರದ ಬಿಡುವಿನಲ್ಲಿ ಮೂಳೆಮಜ್ಜೆ ಹೊಸ ಕಣ ತಯಾರಿಸಿಕೊಳ್ಳುತ್ತದೆ.

ಮುಂದೆ ಬರುತ್ತಿರುವ ಟಾಫೆನೊಕ್ವಿನ್ ವಿಷಯದಲ್ಲಿ ಮಾತ್ರ ಪರೀಕ್ಷೆಯಿಲ್ಲದೆ ಒಂದು ಹೆಜ್ಜೆಯೂ ಇಡುವಂತಿಲ್ಲ. 14 ದಿನದ ಬದಲು ಒಂದೇ ಸಲ 300 ಮಿಲಿಗ್ರಾಂ. ಅರ್ಧಕ್ಕೆ ಮಾತ್ರೆ ಬಿಡುವವರ ಸಮಸ್ಯೆಗೆ ಇದು ಒಳ್ಳೆಯ ಉತ್ತರ. ಆದರೆ ಪ್ರೈಮಾಕ್ವಿನ್ ಅರ್ಧದಷ್ಟು ರಕ್ತದಿಂದ ಹೋಗಲು ಸುಮಾರು 6 ಗಂಟೆ ಸಾಕು, ಟಾಫೆನೊಕ್ವಿನ್‌ಗೆ ಸುಮಾರು 15 ದಿನ ಬೇಕು. ಪ್ರೈಮಾಕ್ವಿನ್ ನಿಲ್ಲಿಸಬಹುದು, ಟಾಫೆನೊಕ್ವಿನ್ ನುಂಗಿದ ಮೇಲೆ ವಾಪಸು ತೆಗೆಯುವಂತಿಲ್ಲ. ಅದಕ್ಕೇ ಶೇ 70ಕ್ಕಿಂತ ಹೆಚ್ಚು ಚಟುವಟಿಕೆ ಇದ್ದವರಿಗೆ ಮಾತ್ರ ಎಂಬ ಕಟ್ಟುನಿಟ್ಟು. ಯಂತ್ರಗಳು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಲುಪುವ ಮೊದಲು ಆ ಮಾತ್ರೆ ತಲುಪಬಾರದು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ದೊಡ್ಡವರಿಗಿಂತಲೂ ಹೆಚ್ಚು ಚಿಂತಿಸಬೇಕಾದ್ದು ಹಸುಗೂಸುಗಳ ಬಗ್ಗೆ. ಕೊರತೆಯಿರುವ ಕೂಸಿಗೆ ಎರಡು ಮೂರನೆಯ ದಿನ ಕಾಮಾಲೆ ಏರಬಹುದು, ಹೊರಗಿನ ಯಾವ ಕಾರಣವೂ ಇಲ್ಲದೆ. ಅಷ್ಟು ಹೊತ್ತಿಗೆ ತಾಯಿ ಮಗು ಮನೆಗೆ ಬಂದಿರುತ್ತಾರೆ. ಕಾಮಾಲೆಯ ಹಳದಿ ಬಣ್ಣಕ್ಕೆ ಕಾರಣವಾದ ಬಿಲಿರುಬಿನ್ ಮಿತಿ ಮೀರಿದರೆ ಮಿದುಳಿಗೆ ಇಳಿದು ಕಿವುಡು, ಕೈಕಾಲಿನ ಸೆಟೆತ ಶಾಶ್ವತವಾಗಿ ಉಳಿಯುತ್ತದೆ. ಹಗಲ ಬೆಳಕಿನಲ್ಲಿ ಮಗುವಿನ ಹಣೆಯನ್ನು, ಎದೆಯನ್ನು, ಅಂಗಾಲನ್ನು ಬೆರಳಿಂದ ಒತ್ತಿ ಬಿಡಿ. ಬಿಳುಚಿದ ಜಾಗ ಹಳದಿಯಾಗಿ ಕಂಡರೆ, ಅದರಲ್ಲೂ ಅಂಗಾಲು ಹಳದಿಯಾಗಿದ್ದರೆ, ಬೆಳಗಾಗಲೆಂದು ಕಾಯಬೇಡಿ. ಹಾಲು ಎಳೆಯದಿರುವುದು, ಕೀರಲು ಅಳು, ಬೆನ್ನು ಬಿಲ್ಲಿನಂತೆ ಬಾಗುವುದು ಕಂಡರೆ ತುರ್ತು. ಎಳೆಬಿಸಿಲಿಗೆ ಹಿಡಿಯುವುದು ಚಿಕಿತ್ಸೆಯ ಬದಲಿಯಾಗದು.

ಡಾಂಬರು ಗುಳಿಗೆಯ ವಿಷಯವನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆ. ಬಾಣಂತನಕ್ಕೆಂದು ಟ್ರಂಕಿನಿಂದ ಹಳೆಯ ಮೆತ್ತನೆ ಸೀರೆ, ಕುಲಾವಿ, ಉಣ್ಣೆ ಹೊದಿಕೆ ತೆಗೆಯುತ್ತಾರೆ; ಅದರಲ್ಲಿ ವರ್ಷಗಟ್ಟಲೆ ನ್ಯಾಫ್ತಲೀನ್ ಗುಳಿಗೆ ಇದ್ದಿರುತ್ತದೆ. ನ್ಯಾಫ್ತಲೀನ್ ಉಸಿರಿನಿಂದಲೂ ಚರ್ಮದಿಂದಲೂ ಒಳಹೋಗುತ್ತದೆ. ಅದು ಎಣ್ಣೆಯಲ್ಲಿ ಕರಗುವ ವಸ್ತು. ಎಣ್ಣೆ ಹಚ್ಚಿ ನೀರೆರೆದ ಮಗುವನ್ನು ಆ ಬಟ್ಟೆಯಲ್ಲಿ ಸುತ್ತಿದರೆ ಇನ್ನೂ ಬೇಗ ಇಳಿಯುತ್ತದೆ. ಮಗುವಿನ ಬಟ್ಟೆಯಿರುವ ಜಾಗದಲ್ಲಿ ಈ ಗುಳಿಗೆ ಇರಲೇಬಾರದು. ಇದ್ದ ಬಟ್ಟೆಯನ್ನು ಬಿಸಿನೀರು ಸೋಪಿನಲ್ಲಿ ಒಗೆದು ದಿನಗಟ್ಟಲೆ ಬಿಸಿಲು ಗಾಳಿಗೆ ಹಾಕಿ. ವಾಸನೆ ಉಳಿದಿದ್ದರೆ ಕೂಸಿಗೆ ಬಳಸಬೇಡಿ. ನುಸಿಗೆ ಒಣ ಬೇವಿನೆಲೆ ಸಾಕು. ಎಳೆಮಕ್ಕಳ ಕೈಕಾಲಿಗೆ ಮದರಂಗಿಯೂ ಬೇಡ. ಅದರ ಬಣ್ಣದ ಅಂಶದಿಂದ ಇಂಥ ಮಕ್ಕಳ ರಕ್ತ ಒಡೆದ ಪ್ರಕರಣಗಳು ದಾಖಲಾಗಿವೆ.

ಸಿಂಗಪುರ 1965ರಿಂದಲೇ ಪ್ರತಿ ಕೂಸಿನ ಹೊಕ್ಕುಳಬಳ್ಳಿಯ ರಕ್ತದಲ್ಲಿ ಜಿ6ಪಿಡಿ ನೋಡುತ್ತಿದೆ, ಕಾಮಾಲೆಯಿಂದ ಮಿದುಳು ಕೆಡುವುದು ಅಲ್ಲಿ ಹೆಚ್ಚುಕಡಿಮೆ ಇಲ್ಲವಾಯಿತು. ಕೇರಳದ ಸರ್ಕಾರಿ ನವಜಾತ ತಪಾಸಣೆಯಲ್ಲೂ ಇದು ಸೇರಿದೆ. ಪಕ್ಕದ ರಾಜ್ಯಕ್ಕೆ ಸಾಧ್ಯವಾದದ್ದು ಕರ್ನಾಟಕದ ಪ್ರತಿ ಹೆರಿಗೆ ಆಸ್ಪತ್ರೆಯಲ್ಲೂ ಸಾಧ್ಯವಾಗಬೇಕು.

ಕೊರತೆ ಗೊತ್ತಾದ ಮನೆಯಲ್ಲಿ ಮೊದಲ ಪ್ರಶ್ನೆ ಊಟದ್ದು. ಬೀನ್ಸ್ ಬೇಡ ಎಂದು ವೈದ್ಯರು ಹೇಳಿದ್ದೇ ತಡ, ಹುರುಳಿಕಾಯಿ, ಅವರೆಕಾಳು, ಅಲಸಂದೆ, ತೊಗರಿಬೇಳೆಯವರೆಗೆ ಎಲ್ಲ ನಿಲ್ಲಿಸಿಬಿಡುತ್ತಾರೆ. ನಿಲ್ಲಿಸಬೇಕಾದ್ದು ಫಾವಾ ಬೀನ್ಸ್ ಒಂದೇ, ಉತ್ತರ ಭಾರತದಲ್ಲಿ ಬಾಕ್ಲಾ ಎನ್ನುವುದು. ಅದರಲ್ಲಿರುವ ವೈಸಿನ್, ಕಾನ್‌ವೈಸಿನ್ ಎಂಬ ಅಂಶಗಳು ಕರುಳಿನಲ್ಲಿ ಒಡೆದು ಕಿಡಿ ಹುಟ್ಟಿಸುತ್ತವೆ. ಗೊಂದಲದ ಮೂಲ ಹೆಸರಿನಲ್ಲಿದೆ: ಇಂಗ್ಲಿಷಿನ 'ಫೀಲ್ಡ್ ಬೀನ್' ಬ್ರಿಟನ್ನಿನಲ್ಲಿ ಫಾವಾದ ಒಂದು ಬಗೆ, ನಮ್ಮಲ್ಲಿ ಅವರೆ. ಅವರೆ ಬೇರೆಯೇ ಗಿಡ. ಹಿತಕಿದಬೇಳೆ ಸಾರನ್ನು ಬಿಡಬೇಕಿಲ್ಲ. ಕೊಲ್ಲಿ ದೇಶಗಳಲ್ಲಿರುವ ಕನ್ನಡಿಗರು ಮಾತ್ರ ಎಚ್ಚರವಾಗಿರಬೇಕು. ಅಲ್ಲಿ ಬೆಳಗಿನ ತಿಂಡಿಗೆ ಸಿಗುವ ಫೂಲ್ ಫಾವಾದಿಂದಲೇ ಮಾಡಿದ್ದು, ಫಲಾಫೆಲ್‌ನಲ್ಲೂ ಇರಬಹುದು.

ಔಷಧಿಗಳಲ್ಲಿ ಖಚಿತ ಅಪಾಯದವು ಕೆಲವೇ: ಪ್ರೈಮಾಕ್ವಿನ್, ಟಾಫೆನೊಕ್ವಿನ್, ಕುಷ್ಠರೋಗಕ್ಕೆ ಕೊಡುವ ಡ್ಯಾಪ್ಸೋನ್, ಕ್ಯಾನ್ಸರ್ ರೋಗಿಗಳ ಯೂರಿಕ್ ಆಮ್ಲ ಇಳಿಸುವ ರ‍್ಯಾಸ್‌ಬುರಿಕೇಸ್, ಮಿಥಿಲೀನ್ ಬ್ಲೂ. ಮೂತ್ರದ ಸೋಂಕಿನ ನೈಟ್ರೊಫ್ಯುರಾಂಟೊಯಿನ್ ಬಗ್ಗೆಯೂ ಎಚ್ಚರ ಬೇಕು. ಮಿಥಿಲೀನ್ ಬ್ಲೂ ವಿಷಯ ತುರ್ತು ಘಟಕದವರಿಗೆ ಮುಖ್ಯ. ಬೆಳೆಗೆ ಹೂ ಬಿಡಿಸಲು ಸಿಂಪಡಿಸುವ ನೈಟ್ರೊಬೆಂಜೀನ್ ಕುಡಿದು ನೀಲಿಗಟ್ಟಿ ಬಂದವರಿಗೆ ಅದೇ ಮದ್ದು. ಆದರೆ ಆ ಮದ್ದು ಕೆಲಸ ಮಾಡಲು ಎನ್‌ಎಡಿಪಿಎಚ್ ಬೇಕು. ಕೊರತೆಯಿರುವವರಲ್ಲಿ ನೀಲಿ ಇಳಿಯುವುದಿಲ್ಲ, ಮೇಲಿಂದ ರಕ್ತವೂ ಒಡೆಯುತ್ತದೆ. ಇದರ ಎದುರಿಗೆ, ಅಂತರ್ಜಾಲದ ಪಟ್ಟಿಗಳಲ್ಲಿ ಸುಮ್ಮನೆ ಸೇರಿಕೊಂಡಿರುವ ಪ್ಯಾರಸಿಟಮಾಲ್ ಸಾಮಾನ್ಯ ಪ್ರಮಾಣದಲ್ಲಿ ಸುರಕ್ಷಿತ. ಸುಡುವ ಜ್ವರದ ಮಗುವಿಗೆ ಅದನ್ನೂ ಕೊಡದೆ ಕೂರುವುದು ಬೇಡ.

ನಗರಗಳಲ್ಲಿ ಈಗ ಹಬ್ಬಿರುವುದು ಮೈಬಣ್ಣ ತಿಳಿಯಾಗಿಸುವ ಗ್ಲೂಟಾಥಯಾನ್ ಡ್ರಿಪ್, ಜತೆಗೆ ಭಾರಿ ಪ್ರಮಾಣದ ವಿಟಮಿನ್ ಸಿ. ವಿಟಮಿನ್ ಸಿ ಉತ್ಕರ್ಷಣ ನಿರೋಧಕ ಎಂಬುದು ನಿಜ; ಆದರೆ ನರಕ್ಕೆ ಗ್ರಾಂಗಟ್ಟಲೆ ಏರಿಸಿದಾಗ ಅದೇ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ. ಜಿ6ಪಿಡಿ ಸರಿಯಿದ್ದವರು ತಾಳಿಕೊಳ್ಳುತ್ತಾರೆ, ಕೊರತೆಯಿದ್ದವರ ರಕ್ತ ಒಡೆಯುತ್ತದೆ. ಊಟದ ನೆಲ್ಲಿಕಾಯಿ, ನಿಂಬೆಗೆ ಭಯವಿಲ್ಲ. ಡ್ರಿಪ್ ಹಾಕುವ ಮುನ್ನ ಈ ಪರೀಕ್ಷೆ ಕೇಳದ ಕ್ಲಿನಿಕ್ಕಿನಿಂದ ಎದ್ದು ಬರುವುದೇ ಸರಿ.

ಸಕ್ಕರೆ ಕಾಯಿಲೆಯವರಿಗೂ ಇಲ್ಲೊಂದು ಸೂಕ್ಷ್ಮವಿದೆ. ಮೂರು ತಿಂಗಳ ಸರಾಸರಿ ಎಂದು ಮಾಡಿಸುವ ಎಚ್‌ಬಿಎ1ಸಿ, ಕಣ ಪೂರ್ತಿ ಆಯುಸ್ಸು ಬದುಕುತ್ತದೆ ಎಂದು ನಂಬಿ ಅಳೆಯುತ್ತದೆ. ಕಣ ಬೇಗ ಸತ್ತರೆ ಸಕ್ಕರೆ ಅಂಟಿಕೊಳ್ಳಲು ಸಮಯವಿಲ್ಲ, ಅಂಕಿ ಕಡಿಮೆ ಬರುತ್ತದೆ. ಆಫ್ರಿಕನ್ ಅಮೆರಿಕನ್ನರ ಮೇಲಿನ 2017ರ ಅಧ್ಯಯನವೊಂದರಲ್ಲಿ ಕೊರತೆಯಿದ್ದ ಗಂಡಸರ ಎಚ್‌ಬಿಎ1ಸಿ ಸುಮಾರು 0.8ರಷ್ಟು ಕೆಳಗಿತ್ತು. 7.0 ಇರಬೇಕಾದವರಿಗೆ 6.2 ಬಂದರೆ ಕಾಯಿಲೆಯೇ ಇಲ್ಲವೆಂದಾಗುತ್ತದೆ. ಬರಿಹೊಟ್ಟೆಯ ಸಕ್ಕರೆ ಹೆಚ್ಚಿದ್ದು ಎಚ್‌ಬಿಎ1ಸಿ ಮಾತ್ರ ಚೆನ್ನಾಗಿದ್ದರೆ ಕೆಂಪು ಕಣದ ಆಯುಸ್ಸನ್ನು ನೆಚ್ಚದ ಫ್ರಕ್ಟೊಸಮೀನ್ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ.

ಇನ್ನು, ಮೂತ್ರ ಕಪ್ಪಾದ ದಿನ ಏನು ಮಾಡಬೇಕು? ಮಾತ್ರೆ ನಿಲ್ಲಿಸಿ, ಪಟ್ಟಿಯನ್ನು ಎಸೆಯದೆ ಜತೆಗೆ ತೆಗೆದುಕೊಂಡು ಅದೇ ದಿನ ಆಸ್ಪತ್ರೆಗೆ ಹೋಗಿ. ಹಿಮೋಗ್ಲೋಬಿನ್, ಬಿಲಿರುಬಿನ್, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ನೋಡುತ್ತಾರೆ. ಹಿಮೋಗ್ಲೋಬಿನ್ 7ಕ್ಕಿಂತ ಇಳಿದರೆ, ಅಥವಾ 9ಕ್ಕಿಂತ ಕೆಳಗಿದ್ದು ಮೂತ್ರ ಇನ್ನೂ ಕಪ್ಪಗೇ ಬರುತ್ತಿದ್ದರೆ, ರಕ್ತ ಕೊಡಬೇಕಾಗಬಹುದು. ಕಾರಣವನ್ನು ನಿಲ್ಲಿಸಿದ ಮೇಲೆ ಮೂಳೆಮಜ್ಜೆ ವಾರದೊಳಗೆ ಹೊಸ ಕಣ ಕಳಿಸತೊಡಗುತ್ತದೆ. ಮನೆಗೆ ಹೊರಡುವಾಗ ಡಿಸ್ಚಾರ್ಜ್ ಚೀಟಿಯ ಮೇಲ್ಭಾಗದಲ್ಲೇ 'ಜಿ6ಪಿಡಿ ಕೊರತೆ' ಎಂದು ಬರೆಸಿಕೊಳ್ಳಿ, ಯೂನಿಟ್ ಅಂಕಿಯ ಸಮೇತ. ಮಗುವಾದರೆ ತಾಯಿ ಕಾರ್ಡಿನ ಮೊದಲ ಪುಟದಲ್ಲಿ. ಆಮೇಲೆ ಅಣ್ಣತಮ್ಮಂದಿರನ್ನು, ತಾಯಿಯನ್ನು, ತಾಯಿಯ ಕಡೆಯ ಸೋದರಮಾವಂದಿರನ್ನು, ಚಿಕ್ಕಮ್ಮ ದೊಡ್ಡಮ್ಮಂದಿರ ಮಕ್ಕಳನ್ನು ಪರೀಕ್ಷೆಗೆ ಕಳಿಸಿ.